ಗಾಂಧೀಜಿಯ ವಿದೇಶ ವ್ಯಾಸಂಗ ಮತ್ತು ಜೈನ ಸಾಧುವಿನ ಮುಂದೆ ತೊಟ್ಟ ವ್ರತ

1927ರಲ್ಲಿ ಶಿವಮೊಗ್ಗ, ಭದ್ರಾವತಿಗೆ ಬಂದಿದ್ದ ಮಹಾತ್ಮ ಗಾಂಧೀಜಿ, ಅದಕ್ಕೂ 39 ವರ್ಷ ಮೊದಲು ಪರದೇಶಕ್ಕೆ ಓದಲು ಹೊರಟ 18ರ ಹರೆಯದ ವಿದ್ಯಾರ್ಥಿ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಅವರಿಗೆ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಓದುವ ಆಸೆ. ಆಗ ಈಗಿನಂತೆ ವಿದ್ಯಾರ್ಥಿ ವೀಸಾ ಇರಲಿಲ್ಲ. ಬೇಕಿದ್ದುದು ಮನೆಯವರ ಒಪ್ಪಿಗೆ. ಮಗ ಆಚಾರ ಕೆಡಿಸಿಕೊಂಡಾನು ಎಂದು ತಾಯಿ ಪುತಲೀಬಾಯಿ ಅಂಜಿದರು. ಮನೆಯ ಹಿತೈಷಿಗಳಾಗಿದ್ದ ಜೈನ ಸಾಧು ಬೇಚರಜಿ ಸ್ವಾಮಿಗಳು ಮದ್ಯ, ಮಾಂಸ, ಸ್ತ್ರೀಸಂಗದಿಂದ ದೂರವಿರುವ ವ್ರತ ಕೊಟ್ಟರು. ತಾಯಿ ಒಪ್ಪಿದರು. ಮುಂಬೈಯಲ್ಲಿ ಜಾತಿಯ ಮುಖಂಡರು ಬಹಿಷ್ಕಾರ ಹಾಕಿದರೂ ಜಗ್ಗದೆ, 1888ರ ಸೆಪ್ಟೆಂಬರ್ 4ರಂದು ಹಡಗು ಹತ್ತಿದರು.

ಲಂಡನ್ನಿನಲ್ಲಿ ಮೊದಮೊದಲು ಅರೆಹೊಟ್ಟೆ. ಸಸ್ಯಾಹಾರದ ಹೋಟೆಲು ಹುಡುಕಿ ಮೈಲಿಗಟ್ಟಲೆ ನಡೆದರು. ಬಾಲ್ಯದಲ್ಲಿ ಗುಟ್ಟಾಗಿ ಮಾಂಸ ತಿಂದಿದ್ದ ಅವರು ತಾಯಿಗಾಗಿ ಪಾಲಿಸುತ್ತಿದ್ದ ವ್ರತ, ಹೆನ್ರಿ ಸಾಲ್ಟ್ ಅವರ ಪುಸ್ತಕ ಓದಿದ ಮೇಲೆ ಸ್ವಂತ ನಂಬಿಕೆಯಾಯಿತು. ಅಲ್ಲಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು.

1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು. ಮುಂಬೈಗೆ ಮರಳಿದಾಗ ತಾಯಿ ತೀರಿಹೋಗಿದ್ದ ಸುದ್ದಿ ಕಾದಿತ್ತು. ಆಗಲೇ ಶ್ರೀಮದ್ ರಾಜಚಂದ್ರರ ಪರಿಚಯವಾಗಿ, ಅದು ಅವರ ಅಹಿಂಸೆಯ ಚಿಂತನೆಗೆ ಬಲ ನೀಡಿತು.

ಮಕ್ಕಳ ವೀಸಾ ಅರ್ಜಿಗೆ ಕಾಗದಪತ್ರ ಜೋಡಿಸುತ್ತಿರುವ ನಮ್ಮ ಮನೆಗಳಲ್ಲಿ ಈ ಪ್ರಸಂಗವನ್ನೂ ಒಮ್ಮೆ ಹೇಳಿಕೊಳ್ಳಬಹುದು.