ರಾಮಮೋಹನ ರಾಯರೂ ಬೈಬಲ್ಲೂ

ರಾಜಾ ರಾಮಮೋಹನ ರಾಯರೆಂದೊಡನೆ ಸತೀಪದ್ಧತಿಯ ನಿಷೇಧವೂ ಬ್ರಾಹ್ಮಸಮಾಜವೂ ನಮ್ಮ ನೆನಪಿಗೆ ಬರುತ್ತವೆ. ಆದರೆ ಅವರ ಜೀವನದಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಅಧ್ಯಾಯವಿದೆ. ಒಂದೇ ಗ್ರಂಥವು ಓದುವವರ ಶ್ರದ್ಧೆಗೆ ತಕ್ಕಂತೆ ಬೇರೆ ಬೇರೆ ಅರ್ಥವನ್ನು ಹೇಗೆ ತೋರುತ್ತದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ರಾಯರು ಜನಿಸಿದ್ದು ಬಂಗಾಳದ ರಾಧಾನಗರದ ಒಂದು ಬ್ರಾಹ್ಮಣ ಮನೆತನದಲ್ಲಿ. ಪಾರಸಿ, ಅರಬ್ಬಿ, ಸಂಸ್ಕೃತಗಳಲ್ಲಿ ಅವರು ಪಾಂಡಿತ್ಯ ಪಡೆದರು. ದೇವರು ಒಬ್ಬನೇ, ಅವನು ನಿರಾಕಾರನು ಎಂಬ ನಂಬಿಕೆ ಅವರಲ್ಲಿ ಬಲವಾಗಿ ಬೇರೂರಿತ್ತು. ಉಪನಿಷತ್ತುಗಳಲ್ಲಿ ಅವರು ಕಂಡದ್ದು ಈ ತತ್ತ್ವವನ್ನೇ. ಬೈಬಲನ್ನು ಓದಿದಾಗಲೂ ಅದೇ ದೀಪವನ್ನು ಹಿಡಿದು ಓದಿದರು.

1820ರಲ್ಲಿ ಅವರು ನಾಲ್ಕು ಸುವಾರ್ತೆಗಳಿಂದ ಯೇಸುವಿನ ಉಪದೇಶಗಳನ್ನು ಆಯ್ದು ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಪವಾಡದ ಕಥೆಗಳನ್ನು ಬಹುಮಟ್ಟಿಗೆ ಬಿಟ್ಟು, ದೈವಭಕ್ತಿ ಹಾಗೂ ನೆರೆಯವರ ಮೇಲಣ ಪ್ರೀತಿಯ ಬೋಧೆಯನ್ನು ಮುಂದಿಟ್ಟರು. ಜನರಿಗೆ ಬೇಕಾದುದು ಅಷ್ಟೇ ಎಂಬುದು ಅವರ ಭಾವನೆ.

ಶ್ರೀರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ನರಿಗೆ ಇದು ಸರಿಬರಲಿಲ್ಲ. ಅವರೂ ಸಾಮಾನ್ಯರಲ್ಲ, ಬೈಬಲನ್ನು ಚೀನೀ ಭಾಷೆಗೆ ತಂದ ವಿದ್ವಾಂಸರು. ಕ್ರಿಸ್ತನ ದೈವತ್ವವನ್ನೂ, ಮಾನವರ ಪಾಪಕ್ಕಾಗಿ ಅವನು ಶಿಲುಬೆಯ ಮೇಲೆ ಮಾಡಿದ ಬಲಿದಾನವನ್ನೂ ಬಿಟ್ಟರೆ ಉಳಿಯುವುದು ಬರಿಯ ನೀತಿ. ನೀತಿಯೊಂದರಿಂದಲೇ ಪಾಪಿಗೆ ಬಿಡುಗಡೆ ಎಲ್ಲಿಯದು? ಮಾರ್ಷ್‌ಮನ್ನರಿಗೆ ಇದು ಬರಿಯ ವ್ಯಾಖ್ಯಾನದ ಮಾತಲ್ಲ, ಆತ್ಮೋದ್ಧಾರದ ಪ್ರಶ್ನೆಯಾಗಿತ್ತು. ರಾಯರಿಗಾದರೋ ತ್ರಿತ್ವವನ್ನು ಒಪ್ಪುವುದೆಂದರೆ ತಾವು ಬಿಟ್ಟುಬಂದ ಬಹುದೇವತೆಗಳ ಕಡೆಗೆ ಮತ್ತೆ ತಿರುಗಿದಂತೆ.

ರಾಯರು ಸುಮ್ಮನಿರಲಿಲ್ಲ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಮೂಲವನ್ನೇ ಆಧಾರವಾಗಿಟ್ಟುಕೊಂಡು ಒಂದಾದ ಮೇಲೊಂದರಂತೆ ಮೂರು ಉತ್ತರಗಳನ್ನು ಬರೆದರು. ಇದೇ ಕಾಲದಲ್ಲಿ ವಿಲಿಯಂ ಯೇಟ್ಸ್, ವಿಲಿಯಂ ಆಡಂ ಎಂಬ ಇಬ್ಬರು ಮಿಷನರಿಗಳೊಡನೆ ಸುವಾರ್ತೆಗಳ ಬಂಗಾಳೀ ಅನುವಾದಕ್ಕೂ ಕೈಹಾಕಿದ್ದರು. ಯೋಹಾನನ ಸುವಾರ್ತೆಯ ಆರಂಭದಲ್ಲಿ ಒಂದು ಚಿಕ್ಕ ಗ್ರೀಕ್ ಪದ ಅಡ್ಡಬಂದಿತು. ಸಮಸ್ತವೂ ಉಂಟಾದದ್ದು ಆ ದಿವ್ಯವಾಕ್ಯದಿಂದಲೋ, ಅದರ ಮೂಲಕವೋ? ಮೊದಲನೆಯದಾದರೆ ಅದೇ ಸೃಷ್ಟಿಕರ್ತ. ಎರಡನೆಯದಾದರೆ ಅದು ದೇವರ ಸಾಧನ ಮಾತ್ರವೆಂದು ಹೇಳಲು ಅವಕಾಶವುಂಟು. ಮೂಲಕ ಎಂಬ ಅರ್ಥವನ್ನು ಒಪ್ಪಲಾರದೆ ಯೇಟ್ಸರು ಹಿಂದೆ ಸರಿದರು. ಆಡಂ ಅವರು ರಾಯರ ಜೊತೆಯಲ್ಲಿ ಉಳಿದು, 1821ರಲ್ಲಿ ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ ಪಂಥವನ್ನು ಸೇರಿದರು. ರಾಯರನ್ನು ತಿದ್ದಬೇಕಾಗಿದ್ದ ಮಿಷನರಿಯೇ ಹೀಗೆ ಬದಲಾದನೆಂದು ಕಲ್ಕತ್ತೆಯ ಕ್ರೈಸ್ತವಲಯದಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಿಷನ್ನಿನ ಮುದ್ರಣಾಲಯವು ರಾಯರ ಕೊನೆಯ ಉತ್ತರವನ್ನು ಅಚ್ಚುಮಾಡಲು ನಿರಾಕರಿಸಿತು. ರಾಯರು ತಾವೇ ಬೇರೆ ಮುದ್ರಣಾಲಯವನ್ನು ತೆರೆದು 1823ರಲ್ಲಿ ಅದನ್ನು ಹೊರತಂದರು.

ಗೆದ್ದವರು ಯಾರು? ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಕೈಯಲ್ಲಿದ್ದ ಗ್ರಂಥ ಒಂದೇ, ವ್ಯಾಕರಣವೂ ಒಂದೇ. ಶ್ರದ್ಧೆ ಮಾತ್ರ ಎರಡು. ಯಾವ ವಾಕ್ಯವನ್ನು ತಿರುಳೆನ್ನಬೇಕು, ಯಾವುದನ್ನು ಸಿಪ್ಪೆಯೆನ್ನಬೇಕು ಎಂಬುದನ್ನು ಶ್ರದ್ಧೆಯೇ ನಿರ್ಧರಿಸಿತ್ತು. ಹಾಗೆಂದು ಅವರ ಶ್ರಮ ವ್ಯರ್ಥವಾಯಿತೆನ್ನಲಾಗದು. ತನ್ನ ನಂಬಿಕೆಗೆ ಮೂಲದ ಆಧಾರವನ್ನು ತೋರಿಸಬೇಕಾದ ಹೊಣೆ ತನಗುಂಟೆಂದು ಇಬ್ಬರೂ ಒಪ್ಪಿದ್ದರು. ಕ್ರಿಸ್ತನ ವಿಷಯದಲ್ಲಿ ಒಂದಾಗದ ರಾಯರೂ ಶ್ರೀರಾಂಪುರದ ಮಿಷನರಿಗಳೂ ವಿಧವೆಯರ ದಹನದ ವಿರುದ್ಧ ಮಾತ್ರ ಒಂದೇ ದನಿಯೆತ್ತಿದರು. 1829ರಲ್ಲಿ ಅದು ಕಾನೂನಿನಿಂದ ನಿಂತಿತು.

1833ರ ಸೆಪ್ಟೆಂಬರ್ 27ರಂದು ರಾಯರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ತೀರಿಕೊಂಡರು. ಕೊನೆಯ ದಿನದವರೆಗೂ ಅವರ ಮೈಮೇಲೆ ಜನಿವಾರವಿತ್ತು. ಪರರ ಧರ್ಮಗ್ರಂಥವನ್ನು ಅಷ್ಟು ಆದರದಿಂದ, ಅಷ್ಟು ಶ್ರಮವಹಿಸಿ ಓದಿದವರು ವಿರಳ. ಗ್ರಂಥವನ್ನು ಓದುವಾಗ ನಮ್ಮ ಕೈಯಲ್ಲಿರುವ ದೀಪ ಯಾವುದೆಂದು ಅರಿತುಕೊಳ್ಳುವುದು, ವಿದ್ಯಾರ್ಥಿಗಳಾದ ನಾವು ಅವರ ಬಾಳಿನಿಂದ ಕಲಿಯಬೇಕಾದ ಪಾಠ.