ಮೈಸೂರ ಮಲ್ಲಿಗೆಯ ಕವಿ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಭಾವಗೀತೆ ಹಾಡುವ ಕಾರ್ಯಕ್ರಮವೆಂದರೆ ಕೆ.ಎಸ್. ನರಸಿಂಹಸ್ವಾಮಿಯವರ ಒಂದು ಹಾಡಾದರೂ ಇರಲೇಬೇಕು. ಹಾಡು ಬಾಯಿಪಾಠವಿರುವ ಎಷ್ಟೋ ಜನರಿಗೆ ಅದನ್ನು ಬರೆದವರು ಯಾರೆಂದು ಗೊತ್ತಿರುವುದಿಲ್ಲ. ಬರೆದವರು ಸರ್ಕಾರಿ ಕಚೇರಿಯ ಒಬ್ಬ ಗುಮಾಸ್ತರು.

ಅವರು ಹುಟ್ಟಿದ್ದು 1915ರ ಜನವರಿ 26ರಂದು, ಈಗಿನ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ. ಮೈಸೂರಿನಲ್ಲಿ ಓದಿ, ಬಿ.ಎ. ಮಾಡಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರು. ಮನೆಯ ಕಷ್ಟದಿಂದ ಓದು ಅರ್ಧಕ್ಕೇ ನಿಂತಿತು. ವೆಂಕಮ್ಮನವರೊಂದಿಗೆ ಮದುವೆಯಾಯಿತು. ಕೆಲಸ ಸಿಕ್ಕಿತು, ಸಂಬಳ ಮಾತ್ರ ಸಣ್ಣದು. 1942ರಲ್ಲಿ ‘ಮೈಸೂರ ಮಲ್ಲಿಗೆ’ ಪ್ರಕಟವಾದಾಗ ಅವರಿಗೆ 27 ವರ್ಷ. ಎರಡನೇ ಮಹಾಯುದ್ಧದ ಕಾಲ, ಎಲ್ಲದರ ಬೆಲೆಯೂ ಏರಿತ್ತು. ಆ ವರ್ಷವೇ ಕ್ವಿಟ್ ಇಂಡಿಯಾ ಚಳವಳಿಯೂ ನಡೆಯಿತು. ಅಂಥ ಹೊತ್ತಿನಲ್ಲಿ ಗಂಡ ಹೆಂಡತಿಯ ಪ್ರೀತಿಯ ಬಗ್ಗೆ ಒಂದು ಪುಸ್ತಕ!

ಮನೆಯಲ್ಲಿ ಉರ್ದು ಮಾತಾಡುವ ನಮಗೆ ಪ್ರೇಮದ ಕವಿತೆ ಎಂದರೆ ಗಜಲ್. ಗಜಲಿನಲ್ಲಿ ಪ್ರಿಯೆ ಸುಲಭಕ್ಕೆ ಸಿಗುವವಳಲ್ಲ. ಮೀರ್ ತಕಿ ಮೀರ್ ಕಾಲದಿಂದಲೂ ವಿರಹವೇ ಅದರ ಬಂಡವಾಳ. ನರಸಿಂಹಸ್ವಾಮಿಯವರ ಪ್ರಿಯೆ ಹಾಗಲ್ಲ, ಆಕೆ ಮನೆಯಲ್ಲೇ ಇರುವ ಹೆಂಡತಿ. ಆಕೆಗೆ ತವರು ಇದೆ, ಮುನಿಸು ಇದೆ, ಅಪ್ಪ ಅಮ್ಮನ ಮುಂದೆ ಗಂಡನೊಡನೆ ಮಾತಾಡಲು ನಾಚಿಕೆ ಇದೆ. ಹೆಂಡತಿ ತವರಿಗೆ ಹೋದಾಗ ಗಂಡನಿಗಾಗುವ ಬೇಸರವೂ ಒಂದು ವಿರಹವೇ ಎಂದು ನನಗೆ ಗೊತ್ತಾದದ್ದು ಇವರನ್ನು ಓದಿದ ಮೇಲೆ. ಅವಳ ಸುದ್ದಿ ತರುವವನು ಬಳೆಗಾರ ಚೆನ್ನಯ್ಯ. ನಮ್ಮ ಕಡೆ ಬಳೆ ಮಾರುವವರಲ್ಲಿ ನಮ್ಮವರೂ ಇದ್ದಾರೆ. ಮನೆ ಮನೆಗೆ ಹೋಗುವ ಬಳೆಗಾರನಿಗೆ ಎಷ್ಟು ಸುದ್ದಿ ಗೊತ್ತಿರುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಎಂದರೆ ಇವರಿಗೆ ಬಹಳ ಇಷ್ಟ. ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೂ ತಂದರು. ಬರ್ನ್ಸ್ ಕೂಡ ಬೇಸಾಯದಲ್ಲಿ ಸೋತು ಸುಂಕದ ಇಲಾಖೆಯ ನೌಕರಿ ಹಿಡಿದವನು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಅವರ ಬದುಕಿನಲ್ಲಿ ಹೆಚ್ಚು ಕಾಡುವುದು ಬೇರೆ ವಿಷಯ. ಪುಸ್ತಕದ ಹಕ್ಕನ್ನು ಅಕೌಂಟೆನ್ಸಿಯಲ್ಲಿ ಇನ್‌ಟ್ಯಾಂಜಿಬಲ್ ಅಸೆಟ್ ಎನ್ನುತ್ತೇವೆ. ಕಣ್ಣಿಗೆ ಕಾಣದಿದ್ದರೂ ಅದು ವರ್ಷಾನುಗಟ್ಟಲೆ ಆದಾಯ ತರುವ ಆಸ್ತಿ. ಈಗಿನ ಕಾಯಿದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅದಕ್ಕೆ ಬೆಲೆ ಇರುತ್ತದೆ. ನರಸಿಂಹಸ್ವಾಮಿಯವರು ಹಣದ ಅಡಚಣೆಯಿಂದ ‘ಮೈಸೂರ ಮಲ್ಲಿಗೆ’ಯ ಹಕ್ಕನ್ನೇ ಮಾರಿಬಿಟ್ಟರು. ಆ ಮೇಲೆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಮದುವೆಗಳಲ್ಲಿ ಅದನ್ನು ಉಡುಗೊರೆ ಕೊಡುವುದೇ ರೂಢಿಯಾಯಿತು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥವರು ಹಾಡಿ ಮನೆಮನೆಗೆ ಮುಟ್ಟಿಸಿದರು. 1992ರಲ್ಲಿ ಟಿ.ಎಸ್. ನಾಗಾಭರಣ ಅದೇ ಹೆಸರಿನಲ್ಲಿ ಸಿನಿಮಾ ಮಾಡಿದರು. ಕನ್ನಡದ ಅಷ್ಟು ಮನೆಗಳಲ್ಲಿ ಹೂ ಬಿಟ್ಟ ಬಳ್ಳಿ, ನೆಟ್ಟವರ ಕೈಯಲ್ಲಿ ಮಾತ್ರ ಉಳಿಯಲಿಲ್ಲ. ಲೆಕ್ಕ ಬರೆದರೆ ಇದು ದೊಡ್ಡ ನಷ್ಟವೇ.

ಆದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ‘ಐರಾವತ’, ‘ದೀಪದ ಮಲ್ಲಿ’, ‘ಇರುವಂತಿಗೆ’ ಬಂದವು. ಬರೀ ಪ್ರೇಮಕವಿ ಎಂದು ಕೆಲವರು ಹಗುರವಾಗಿ ಮಾತಾಡಿದ್ದೂ ಉಂಟು. 1958ರ ‘ಶಿಲಾಲತೆ’ಯಲ್ಲಿ ದನಿ ಬೇರೆಯಾಯಿತು. ಅಲ್ಲಿನ ಕೆಲವು ಕವಿತೆಗಳು ನನಗೆ ಪೂರ್ತಿ ಅರ್ಥವಾಗಿಲ್ಲ, ಮಲ್ಲಿಗೆಯಷ್ಟು ಸಲೀಸಲ್ಲ. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದರು. 1990ರಲ್ಲಿ ಮೈಸೂರಿನಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಮುಪ್ಪಿನಲ್ಲಿ ಕಣ್ಣು ಮಂಜಾಯಿತು. ಆಗಲೂ ಬಾಯಲ್ಲಿ ಹೇಳಿ, ಬೇರೆಯವರ ಕೈಯಲ್ಲಿ ಬರೆಸಿದರು. ‘ದುಂಡುಮಲ್ಲಿಗೆ’ ಬಂದಾಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಮೊದಲ ಪುಸ್ತಕ ಬಂದು ಅರ್ಧ ಶತಮಾನ ದಾಟಿತ್ತು. ಹೆಸರಿನಲ್ಲಿ ಮತ್ತೆ ಅದೇ ಮಲ್ಲಿಗೆ. ಅದಾದ ಮೇಲೂ ‘ಮೌನದಲಿ ಮಾತ ಹುಡುಕುತ್ತ’, ‘ಎದೆ ತುಂಬ ನಕ್ಷತ್ರ’ ಎಂದು ಸಂಕಲನಗಳು ಬರುತ್ತಲೇ ಇದ್ದವು. 2003ರ ಡಿಸೆಂಬರ್ ಕೊನೆಯಲ್ಲಿ, 88ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.