ಡ್ಯೂರರನ ಮೊಲ

ಆಲ್ಬ್ರೆಕ್ಟ್ ಡ್ಯೂರರ್ 1471ರ ಮೇ 21ರಂದು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಜನಿಸಿದನು. ಅವನ ತಂದೆ ಅಕ್ಕಸಾಲಿಗ. ಹದಿನೆಂಟು ಮಕ್ಕಳು ಹುಟ್ಟಿದ ಆ ಮನೆಯಲ್ಲಿ ಬದುಕಿ ದೊಡ್ಡವರಾದವರು ಮೂವರು ಮಾತ್ರ. ಲೋಹದ ಮೇಲೆ ನವುರಾದ ಗೆರೆಗಳನ್ನು ಕೊರೆಯುವುದನ್ನು ಬಾಲಕ ಡ್ಯೂರರ್ ತಂದೆಯಿಂದಲೇ ಕಲಿತನು. ಹದಿಮೂರನೆಯ ವಯಸ್ಸಿನಲ್ಲಿ ಕನ್ನಡಿ ನೋಡಿಕೊಂಡು ತನ್ನ ಚಿತ್ರವನ್ನು ತಾನೇ ಬರೆದನು. ಮಗ ಕುಲವೃತ್ತಿಯನ್ನು ಬಿಡುವನೆಂದು ತಂದೆಗೆ ವ್ಯಥೆಯಾಯಿತು. ಆದರೂ 1486ರಲ್ಲಿ ಅವನನ್ನು ವೋಲ್ಗೆಮುಟ್ ಎಂಬ ಚಿತ್ರಕಾರನ ಬಳಿ ಶಿಷ್ಯವೃತ್ತಿಗೆ ಬಿಟ್ಟನು.

1502ರಲ್ಲಿ ಡ್ಯೂರರ್ ಒಂದು ಎಳೆಯ ಕಾಡುಮೊಲವನ್ನು ಚಿತ್ರಿಸಿದನು. ಚಿತ್ರದ ಎತ್ತರ ಸುಮಾರು 25 ಸೆಂಟಿಮೀಟರು. ಹೊಸಕೋಟೆ ತಾಲ್ಲೂಕಿನ ನಂದಗುಡಿಯಂಥ ಊರುಗಳ ರಾಗಿ ಹೊಲಗಳಲ್ಲಿ ಮೊಲವು ಕಣ್ಣಿಗೆ ಬಿದ್ದ ಕ್ಷಣದಲ್ಲೇ ಮರೆಯಾಗುತ್ತದೆ. ಡ್ಯೂರರನ ಮೊಲವಾದರೋ ಕಿವಿ ನಿಮಿರಿಸಿ, ಮೈ ಮುದುಡಿ ಕುಳಿತಿದೆ. ಅವನು ಮೊದಲು ತೆಳುವಾದ ಕಂದುಬಣ್ಣವನ್ನು ಹರಡಿ, ಅದರ ಮೇಲೆ ಕಪ್ಪು ಬಿಳುಪು ಎಳೆಗಳಿಂದ ರೋಮಗಳನ್ನು ಮೂಡಿಸಿದನು. ಮೊಲದ ಕಣ್ಣಿನಲ್ಲಿ ಒಂದು ಕಿಟಕಿಯ ಪ್ರತಿಬಿಂಬವಿದೆ. ತಂದೆ ಕಲಿಸಿದ ಕೈಚಳಕ ಅಲ್ಲಿ ಫಲಿಸಿದೆ. ಆ ತಂದೆ ತೀರಿಕೊಂಡದ್ದೂ ಅದೇ ವರ್ಷ.

ನಮ್ಮ ಹಿರಿಯರು ಚಂದ್ರನಲ್ಲಿ ಮೊಲವನ್ನು ಕಂಡು ಅವನನ್ನು ಶಶಾಂಕನೆಂದರು. ಯುರೋಪಿನಲ್ಲಿ ಮೊಲವು ಸಂತಾನಸಮೃದ್ಧಿಗೂ ಅಂಜಿಕೆಗೂ ಸಂಕೇತವಾಗಿತ್ತು. 1504ರ ‘ಆಡಮ್ ಮತ್ತು ಈವ್’ ಎಂಬ ಕೆತ್ತನೆಯಲ್ಲಿ ಡ್ಯೂರರನ ಮೊಲವು ಮನುಷ್ಯಸ್ವಭಾವವೊಂದರ ಸಂಕೇತವೆಂದು ವಿದ್ವಾಂಸರು ಹೇಳುತ್ತಾರೆ. ಆದರೆ 1502ರ ಚಿತ್ರದಲ್ಲಿ ಮರವಿಲ್ಲ, ಹುಲ್ಲಿಲ್ಲ, ಕಥೆಯಿಲ್ಲ. ಮೊಲ, ಅದರ ನೆರಳು, ಕೆಳಗೆ ವರ್ಷ ಮತ್ತು ಕಲಾವಿದನ ಅಂಕಿತ, ಇಷ್ಟೇ. ಅಲ್ಲಿ ಮೊಲವು ಮೊಲವಾಗಿಯೇ ಗೌರವ ಪಡೆದಿದೆ.

ಕಾಣದುದನ್ನು ಬರೆದಾಗ ಡ್ಯೂರರನೂ ಎಡವಿದನು. 1515ರಲ್ಲಿ ಗುಜರಾತಿನ ಖಡ್ಗಮೃಗವೊಂದು ಗೋವೆಯಿಂದ ಹಡಗಿನಲ್ಲಿ ಲಿಸ್ಬನ್ ನಗರವನ್ನು ತಲುಪಿತು. ಡ್ಯೂರರ್ ಅದನ್ನು ನೋಡಲಿಲ್ಲ. ಪರರ ವರ್ಣನೆಯನ್ನೂ ಒಂದು ರೇಖಾಚಿತ್ರವನ್ನೂ ನಂಬಿ ಮರದಚ್ಚಿನ ಚಿತ್ರವನ್ನು ರಚಿಸಿದನು. ಇಲ್ಲದ ಪುಟ್ಟ ಕೊಂಬೊಂದು ಅದರ ಹೆಗಲ ಬಳಿ ಮೂಡಿತು. ಯುರೋಪಿನ ಜನರು ಬಹುಕಾಲ ಅದನ್ನೇ ನಿಜವೆಂದು ನಂಬಿದರು.

ಕಣ್ಣಾರೆ ಕಾಣುವ ಹಂಬಲ ಅವನಲ್ಲಿ ಕೊನೆಯವರೆಗೂ ಕುಂದಲಿಲ್ಲ. 1520ರ ಚಳಿಗಾಲದಲ್ಲಿ, ದಡಕ್ಕೆ ಬಿದ್ದ ತಿಮಿಂಗಿಲವನ್ನು ನೋಡಲು ಅವನು ನೆದರ್ಲೆಂಡ್ಸಿನ ಕರಾವಳಿಗೆ ಧಾವಿಸಿದನು. ಅಷ್ಟರಲ್ಲಿ ಕಡಲು ಅದನ್ನು ಸೆಳೆದುಕೊಂಡು ಹೋಗಿತ್ತು. ಅಲ್ಲಿ ಅಂಟಿದ ಜ್ವರ ಮಾತ್ರ ಅವನ ಬೆನ್ನು ಹತ್ತಿತು. 1528ರ ಏಪ್ರಿಲ್ 6ರಂದು, ಐವತ್ತಾರನೆಯ ವಯಸ್ಸಿನಲ್ಲಿ ಡ್ಯೂರರ್ ನಿಧನನಾದನು.

ಅವನ ಮೊಲವು ಇಂದು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬೆಳಕು ತಗುಲಿ ಬಣ್ಣ ಮಾಸದಿರಲೆಂದು ಅದನ್ನು ಅಪರೂಪಕ್ಕೊಮ್ಮೆ ಮಾತ್ರ ಪ್ರದರ್ಶಿಸುತ್ತಾರೆ. ಅಲ್ಪವೆನಿಸುವ ಜೀವಿಯನ್ನೂ ತಾಳ್ಮೆಯಿಂದ ನೋಡಿದವನ ಕಣ್ಣಿಗೆ ಕಾಲವು ಸಲ್ಲಿಸಿದ ಮನ್ನಣೆ ಅದು.